ನರವಿಜ್ಞಾನದ ಪಠ್ಯವೂ ನಮ್ಮ ಆತ್ಮಬೋಧೆಯೂ: ಒಂದು ವಿಮರ್ಶೆ

ಗುರುಮಠಗಳ ಗ್ರಂಥಾಲಯದಲ್ಲಿ ಮೆದುಳನ್ನು ಕುರಿತ ಪುಸ್ತಕಗಳಿಗೆ ಸಾಮಾನ್ಯವಾಗಿ ಒಂದೇ ಸಾಲು. ಆ ಸಾಲಿನಲ್ಲಿ ಎರಡು ಬಗೆಯ ಪುಸ್ತಕಗಳು ದೊರೆಯುತ್ತವೆ. ಆತ್ಮವೆಂಬುದಿಲ್ಲ ಎಂದು ಸಾಧಿಸಹೊರಟವು ಕೆಲವು. ಅವನ್ನು ಖಂಡಿಸುವುದಕ್ಕಾಗಿ ಇರಿಸಿಕೊಂಡಿದ್ದೇವೆ. ಆತ್ಮವುಂಟೆಂದು ವಿಜ್ಞಾನಿಯೇ ನುಡಿದವು ಮತ್ತೆ ಕೆಲವು. ಅವನ್ನು ನಮ್ಮ ಸಮಾಧಾನಕ್ಕಾಗಿ ಇರಿಸಿಕೊಂಡಿದ್ದೇವೆ. ವಿಶ್ವವಿದ್ಯಾನಿಲಯದಲ್ಲಿ ನರವಿಜ್ಞಾನ ಓದುವವರು ನಿಜವಾಗಿಯೂ ಕೈಯಲ್ಲಿ ಹಿಡಿಯುವ ಪಠ್ಯಪುಸ್ತಕ ಮಾತ್ರ ಅಲ್ಲಿ ಕಾಣುವುದು ಅಪರೂಪ. ಈ ಮೂರು ಬಗೆಯ ಬರಹವನ್ನೂ ಜೊತೆಗಿಟ್ಟು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳಿತು. ಪಠ್ಯಪುಸ್ತಕದ ನರವಿಜ್ಞಾನವು ಧರ್ಮಸಭೆಯ ಆತ್ಮಬೋಧೆಗೆ ಧಕ್ಕೆ ತಂದಿದೆಯೆಂದು ನಮಗೆ ತೋರುವುದಿಲ್ಲ. ಆದರೆ ಅಂತ್ಯಕ್ರಿಯೆಯ ಪ್ರಬೋಧನೆಗಳಲ್ಲಿ ಧರ್ಮಸಭೆಯದೆಂದು ಕೇಳಿಬರುವ ಬೇರೊಂದು ಬೋಧೆಗೆ ಅದು ಬಲವಾದ ಪೆಟ್ಟನ್ನೇ ಕೊಟ್ಟಿದೆ.

ಇದನ್ನು ಬರೆಯಲು ಕಾರಣವಾದದ್ದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ಇರುವ ತೆರಕಣಾಂಬಿಯವಳು, ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ನರವಿಜ್ಞಾನದ ವ್ಯಾಸಂಗಕ್ಕೆ ಸೇರಿದ್ದಾಳೆ. ಅವಳು ಕೇಳಿದ್ದು ಇಷ್ಟು: "ಸ್ವಾಮಿ, ಅಜ್ಜಿಯ ಮಣ್ಣಿನ ದಿನ ಗುಡಿಯಲ್ಲಿ, ದೇಹ ಬರೀ ಬಟ್ಟೆ, ಆತ್ಮವೇ ನಿಜವಾದ ಅಜ್ಜಿ ಅಂತ ಹೇಳಿದರು. ಕೊನೇ ಎರಡು ವರ್ಷ ಅಜ್ಜಿಗೆ ನಮ್ಮ ಯಾರ ಗುರುತೂ ಇರಲಿಲ್ಲ. ಬಟ್ಟೆ ಹರಿದರೆ ಉಟ್ಟವರಿಗೆ ಏನೂ ಆಗೋಲ್ಲ. ಹಾಗಾದರೆ ಮರೆತವರು ಯಾರು?" ಅವಳ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ತರಗತಿಯಲ್ಲಿ ಹಿಪ್ಪೊಕ್ಯಾಂಪಸ್ಸಿನ ಪಾಠವಾದ ವಾರದಲ್ಲೇ ಈ ಪ್ರಶ್ನೆ ಅವಳಲ್ಲಿ ಹುಟ್ಟಿತ್ತು. ಇಂಥ ಪ್ರಶ್ನೆಗೆ ನಮ್ಮ ಗುರುಅಭ್ಯರ್ಥಿಗಳು ಏನನ್ನು ಓದಿ ಉತ್ತರ ಕೊಡಬಲ್ಲರು?

ಮೊದಲು ಪಠ್ಯಪುಸ್ತಕ. ಎರಿಕ್ ಕ್ಯಾಂಡೆಲ್ ಮತ್ತು ಜೇಮ್ಸ್ ಶ್ವಾರ್ಟ್ಸ್ ಸಂಪಾದಿಸಿ 1981ರಲ್ಲಿ ಹೊರತಂದ 'ಪ್ರಿನ್ಸಿಪಲ್ಸ್ ಆಫ್ ನ್ಯೂರಲ್ ಸೈನ್ಸ್' ಇಂದಿಗೂ ಈ ವಿಷಯದ ಪ್ರಮುಖ ಪಠ್ಯ. ಆರನೆಯ ಆವೃತ್ತಿ 2021ರಲ್ಲಿ ಬಂದಿದ್ದು 1,600ಕ್ಕೂ ಹೆಚ್ಚು ಪುಟಗಳಷ್ಟಿದೆ. ಕ್ಯಾಂಡೆಲ್ ವಿಯೆನ್ನಾದ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ, 1939ರಲ್ಲಿ ಬಾಲಕನಾಗಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ಕಡಲಬಸವನದ ಜ್ಞಾಪಕಶಕ್ತಿಯನ್ನು ಅಧ್ಯಯನ ಮಾಡಿ 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದವರು. ಗ್ರಂಥದ ಆರಂಭದಲ್ಲಿಯೇ, ಮನಸ್ಸೆಂದು ನಾವು ಕರೆಯುವುದು ಮೆದುಳು ನಡೆಸುವ ಕಾರ್ಯಗಳ ಸಮೂಹ ಎಂಬ ಅಭಿಪ್ರಾಯ ಎದುರಾಗುತ್ತದೆ. ದೇವಶಾಸ್ತ್ರದ ಓದುಗರಲ್ಲಿ ಬಹುಮಂದಿ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಮುಚ್ಚಬಾರದು. ಆ ವಾಕ್ಯವು ಪ್ರಯೋಗಶಾಲೆಯಲ್ಲಿ ಕೆಲಸ ಮಾಡುವವರ ಒಂದು ಕಾರ್ಯನಿಯಮ; ಮುಂದಿನ ಸಾವಿರಾರು ಪುಟಗಳು ಅದನ್ನು ಸಾಧಿಸಲು ಪ್ರಯತ್ನಿಸುವುದೂ ಇಲ್ಲ, ಅದರ ಮೇಲೆ ನಿಂತೂ ಇಲ್ಲ. ಅದನ್ನು ಸಾಧಿತ ಸತ್ಯದ ಧಾಟಿಯಲ್ಲಿ ಹೇಳಿಬಿಟ್ಟದ್ದು ಗ್ರಂಥದ ಒಂದು ದೋಷವೆಂದೇ ನಾವು ಎಣಿಸುತ್ತೇವೆ.

ಆ ಪುಟ ದಾಟಿದರೆ ಕಾಣುವುದು ಬೇರೆಯೇ ಲೋಕ. ವಿಶ್ರಾಂತಿಯಲ್ಲಿರುವ ನರಕೋಶದ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟಿನ ವ್ಯತ್ಯಾಸವಿರುವುದು, ಸೋಡಿಯಂ ಒಳನುಗ್ಗಿ ಪೊಟ್ಯಾಸಿಯಂ ಹೊರಬಿದ್ದಾಗ ಸಂದೇಶವೊಂದು ಎಳೆಯುದ್ದಕ್ಕೂ ಹರಿಯುವುದು, ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರು ಸ್ಕ್ವಿಡ್ಡಿನ (ನಮ್ಮ ಕರಾವಳಿಯವರ ಬೊಂಡಾಸ್) ದಪ್ಪ ನರದ ಮೇಲೆ ಪ್ರಯೋಗ ನಡೆಸಿ 1952ರಲ್ಲಿ ಇದನ್ನು ಗಣಿತದ ಸಮೀಕರಣಗಳಲ್ಲಿ ಕಟ್ಟಿಕೊಟ್ಟದ್ದು, ಹೀಗೆ ಪಾಠ ಸಾಗುತ್ತದೆ. ಒಂದೊಂದು ಹೇಳಿಕೆಗೂ ಅದನ್ನು ಕಂಡುಕೊಂಡ ಪ್ರಯೋಗದ ಬೆಂಬಲವಿದೆ. ತಿಳಿಯದ ಕಡೆ ತಿಳಿಯದು ಎಂದು ಬರೆದಿದೆ. ಪ್ರಜ್ಞೆಯ ವಿಷಯಕ್ಕೆ ಬಂದಾಗ ಗ್ರಂಥದ ದನಿ ತಗ್ಗುತ್ತದೆ. ಓದುಗನನ್ನು ಮೆಚ್ಚಿಸುವ ಆತುರವಿಲ್ಲದ ಈ ಸಂಯಮ ನಮ್ಮ ದೇವಶಾಸ್ತ್ರದ ಕೈಪಿಡಿಗಳಲ್ಲೂ ಇದ್ದಿದ್ದರೆ ಎಂದು ಅನೇಕ ಸಲ ಅನ್ನಿಸಿದೆ.

ಪಠ್ಯವೊಂದೇ ನರವಿಜ್ಞಾನದ ಶಿಕ್ಷಣವಲ್ಲ. ಪಠ್ಯದಲ್ಲಿ ಓದಿದ್ದು ರೋಗಿಯ ಮುಂದೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ತೆರಕಣಾಂಬಿಯಿಂದ ಚಾಮರಾಜನಗರ ದಾಟಿ ಮುಂದೆ ಹೋದರೆ ಯಳಂದೂರು. 1990ರ ದಶಕದಲ್ಲಿ, ಆ ತಾಲ್ಲೂಕು ಇನ್ನೂ ಮೈಸೂರು ಜಿಲ್ಲೆಯಲ್ಲಿದ್ದಾಗ (ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ), ಬೆಂಗಳೂರಿನ ನರವೈದ್ಯ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಅಲ್ಲಿ ಮೂರ್ಛೆರೋಗದ ಸಮೀಕ್ಷೆಯನ್ನೂ ಚಿಕಿತ್ಸೆಯನ್ನೂ ಕೈಗೊಂಡರು. ಫೀನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಎರಡು ಔಷಧಗಳಿಂದಲೇ ಹಳ್ಳಿಯ ರೋಗಿಗಳಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿದ ಅವರ ವರದಿ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಯಳಂದೂರಿನ ಹೆಸರು ಜಗತ್ತಿನ ನರವೈದ್ಯರಿಗೆ ಪರಿಚಿತ. ಅದೇ ಸೀಮೆಯಲ್ಲಿ ಧರ್ಮಕೇಂದ್ರ ನಡೆಸುವ ನಮಗೆ ಅಪರಿಚಿತ.

ಬೆಂಗಳೂರು ನಗರ ಮತ್ತು ಸುತ್ತಲಿನ ಗ್ರಾಮಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ನಿಮ್ಹಾನ್ಸ್ ಸಂಸ್ಥೆಯ ಸಮೀಕ್ಷೆಯೊಂದು 2004ರಲ್ಲಿ ಬಂತು. ಅದರ ಪ್ರಕಾರ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗವಿತ್ತು. ಹಳ್ಳಿಗಳಲ್ಲಿನ ಪ್ರಮಾಣ ನಗರದ ಸುಮಾರು ಎರಡು ಪಟ್ಟು. ಆ ಪ್ರಮಾಣವನ್ನು ನಮ್ಮ ಸೀಮೆಗೆ ಅಂದಾಜಾಗಿ ಹಿಡಿದರೂ, ಸಾವಿರ ವಿಶ್ವಾಸಿಗಳ ಧರ್ಮಕೇಂದ್ರದಲ್ಲಿ ಹತ್ತು ಮಂದಿಯಾದರೂ ಇದ್ದಾರೆಂದಾಯಿತು. ಎಷ್ಟು ಗುರುಗಳು ಆ ಹತ್ತು ಮಂದಿಯನ್ನು ಬಲ್ಲರು? ಹೆಣ್ಣುಮಕ್ಕಳಾದರೆ ಮದುವೆ ನಿಂತೀತೆಂದು ಮನೆಯವರು ಮುಚ್ಚಿಡುತ್ತಾರೆ.

ಇನ್ನೂ ವಿಶಿಷ್ಟವಾದದ್ದು ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ತಲೆಯ ಮೇಲೆ ಬಿಡುಬಿಡನೆ ಸುರಿದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಇದರ ಮೊದಲ ವರದಿ ಬಂದದ್ದು 1945ರಲ್ಲಿ, ನ್ಯೂಜಿಲೆಂಡಿನಿಂದ. ಆದರೆ ಅತಿ ಹೆಚ್ಚು ರೋಗಿಗಳು ಕಂಡುಬಂದದ್ದು ದಕ್ಷಿಣ ಕರ್ನಾಟಕದಲ್ಲಿ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಒಂದೇ ಲೇಖನದಲ್ಲಿ 279 ರೋಗಿಗಳ ವಿವರವಿದೆ. ಬಚ್ಚಲುಮನೆಯ ಈ ಸಂಗತಿಯನ್ನು ಅವರು ಪ್ರಯೋಗಶಾಲೆಗೆ ಕೊಂಡೊಯ್ದರು. ಇಲಿಗಳ ಮೇಲೆ ಬಿಸಿನೀರು ಬಿಟ್ಟು, ಮೆದುಳಿನ ತಾಪ ಬೇಗನೆ ಏರಿದಾಗ ಏನಾಗುತ್ತದೆಂದು ಇಇಜಿ ಮೂಲಕ ಗಮನಿಸಿದರು. ಸ್ನಾನದ ನೀರಿನ ಬಿಸಿ ತಗ್ಗಿಸುವುದು, ತಲೆಸ್ನಾನಕ್ಕೆ ಮುಂಚೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಲೋಬಜಾಮ್ ತೆಗೆದುಕೊಳ್ಳುವುದು, ಬಹುಮಂದಿಗೆ ಇಷ್ಟೇ ಸಾಕಾಗುತ್ತದೆ. ಹಬ್ಬದ ದಿನ ಎಣ್ಣೆಸ್ನಾನಕ್ಕೆ ಕುಳಿತ ಹುಡುಗ ಬಿದ್ದು ಒದ್ದಾಡಿದನೆಂದರೆ ಸುತ್ತಲಿನವರು ಏನೆಲ್ಲ ಹೇಳುವರೆಂಬುದು ಹಳ್ಳಿಯ ಧರ್ಮಕೇಂದ್ರಗಳಲ್ಲಿ ಸೇವೆ ಮಾಡಿದವರಿಗೆ ಗೊತ್ತು. ಅದನ್ನು ಪರಿಹರಿಸಲು ಗುರುವನ್ನು ಕರೆಯುವುದೂ ಉಂಟು.

ಇದೇ ರೋಗಿಗಳಲ್ಲಿ ಕೆಲವರ ವರ್ತನೆ ನೀತಿಶಾಸ್ತ್ರದ ಅಧ್ಯಾಪಕರ ಗಮನಕ್ಕೆ ಅರ್ಹವಾಗಿದೆ. ಮೂರ್ಛೆಯ ಆರಂಭದಲ್ಲಿ ಅವರಿಗೆ ಒಂದು ಬಗೆಯ ತೀವ್ರ ಸುಖ ತೋರುತ್ತದೆ. ಅಪಾಯ ತಿಳಿದಿದ್ದೂ ಅವರು ನೀರು ಸುರಿದುಕೊಳ್ಳುತ್ತಲೇ ಹೋಗುತ್ತಾರೆ, ಪ್ರಜ್ಞೆ ತಪ್ಪಿ ಬೀಳುವವರೆಗೆ. ಇದು ಸ್ವಇಚ್ಛೆಯ ಕೃತ್ಯವೇ? ಮೊದಲ ಚೊಂಬು ಹೌದು ಎನ್ನಬಹುದು. ಹತ್ತನೆಯದು? ಅಜ್ಞಾನ, ಭಯ, ರೂಢಿ ಮುಂತಾದವು ಹೊಣೆಯನ್ನು ತಗ್ಗಿಸಬಲ್ಲವೆಂದು ಧರ್ಮೋಪದೇಶ ಗ್ರಂಥವು 1735ನೆಯ ಕಂಡಿಕೆಯಲ್ಲಿ ಹೇಳುತ್ತದೆ. ಆ ಕಂಡಿಕೆಯನ್ನು ತರಗತಿಯಲ್ಲಿ ಕುಡಿತದ ಉದಾಹರಣೆ ಕೊಟ್ಟು ದಾಟಿಸಿಬಿಡುವುದು ವಾಡಿಕೆ. ಇಚ್ಛೆಯು ಎಲ್ಲಿ ಮುಗಿದು ನರಕೋಶಗಳ ಏಕಕಾಲದ ಸ್ಫೋಟ ಎಲ್ಲಿ ತೊಡಗುತ್ತದೆ ಎಂಬುದಕ್ಕೆ ನಮ್ಮ ನೆರೆಯ ಬಚ್ಚಲುಮನೆ ಕೊಡುವ ಈ ಉದಾಹರಣೆ ಅದಕ್ಕಿಂತ ಸೂಕ್ಷ್ಮವಾದುದು. ಪಾಪನಿವೇದನೆಯ ಪೀಠದಲ್ಲಿ ಕುಳಿತವನಿಗೆ ಇದು ತಿಳಿದಿದ್ದರೆ ಅವನ ಪ್ರಶ್ನೆಗಳೇ ಬೇರೆಯಾಗುತ್ತವೆ.

ಇಲ್ಲಿ ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಎತ್ತುವವರಿದ್ದಾರೆ. ನೊರೆ ಕಾರಿ, ಹಲ್ಲು ಕಡಿದು, ಬೆಂಕಿಗೂ ನೀರಿಗೂ ಬೀಳುವ ಬಾಲಕನ ವರ್ಣನೆಯಲ್ಲಿ ವೈದ್ಯರು ಅಪಸ್ಮಾರವನ್ನು ಗುರುತಿಸುತ್ತಾರೆ. ಮತ್ತಾಯನು ಅದೇ ಬಾಲಕನಿಗೆ ಚಂದ್ರಬಾಧೆ ಎಂಬರ್ಥದ ಗ್ರೀಕ್ ಪದ ಬಳಸುತ್ತಾನೆ. ಸುವಾರ್ತಾಕಾರರ ಉದ್ದೇಶ ರೋಗನಿದಾನವಲ್ಲ ಎಂಬ ಮಾತನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಧರ್ಮಸಭೆಯ ಶಿಸ್ತು ಎಷ್ಟು ಹಿಂದಿನಿಂದ ಎಚ್ಚರದಿಂದಿತ್ತು ಎಂಬುದನ್ನು ನೆನಪಿಸಬೇಕು. 1614ರ ರೋಮನ್ ವಿಧಿಗ್ರಂಥವು ದೆವ್ವ ಹಿಡಿದಿದೆಯೆಂದು ಸುಲಭವಾಗಿ ನಂಬಬಾರದೆಂದೂ ರೋಗದ ಲಕ್ಷಣಗಳಿಂದ ಅದನ್ನು ಬೇರ್ಪಡಿಸಿ ನೋಡಬೇಕೆಂದೂ ಯಾಜಕನಿಗೆ ಮೊಟ್ಟಮೊದಲು ಸೂಚಿಸಿತ್ತು. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಭೂತೋಚ್ಚಾಟನೆ ಸಲ್ಲದೆಂದು ಇಂದಿನ ಧರ್ಮಸಭೆಯ ಕಾನೂನಿನ 1172ನೆಯ ವಿಧಿಯೂ ಹೇಳುತ್ತದೆ. ಬೇರ್ಪಡಿಸಿ ನೋಡಬೇಕಾದವನಿಗೆ ರೋಗದ ಪರಿಚಯವಿರಬೇಡವೇ? ಮಾತ್ರೆ ಬಿಡಿಸಿ ಪ್ರಾರ್ಥನಾಕೂಟಕ್ಕೆ ಕರೆದೊಯ್ದರೆ, ತಡೆದಿದ್ದ ಮೂರ್ಛೆ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ಪ್ರಾರ್ಥನೆಯೂ ಇರಲಿ, ಮಾತ್ರೆಯೂ ತಪ್ಪದಿರಲಿ ಎಂದು ಪೀಠದಿಂದ ಹೇಳುವ ಗುರು ನರವಿಜ್ಞಾನಕ್ಕೆ ಶರಣಾದವನಲ್ಲ.

ಇನ್ನು ಗ್ರಂಥಾಲಯದ ಮೊದಲ ಬಗೆಯ ಪುಸ್ತಕಗಳು. ಡಿಎನ್‌ಎ ರಚನೆಯ ಶೋಧಕರಲ್ಲೊಬ್ಬರಾದ ಫ್ರಾನ್ಸಿಸ್ ಕ್ರಿಕ್ 1994ರಲ್ಲಿ ಬರೆದ 'ದಿ ಅಸ್ಟಾನಿಷಿಂಗ್ ಹೈಪಾಥಿಸಿಸ್' ಈ ಸಾಲಿನ ಹಿರಿಯಣ್ಣ. ಮುಖಪುಟದ ಉಪಶೀರ್ಷಿಕೆಯಲ್ಲಿ ಆತ್ಮದ ಅನ್ವೇಷಣೆಯ ಮಾತಿದೆ. ಒಳಗೆ ಇರುವುದು ಬಹುಪಾಲು ದೃಷ್ಟಿಯ ಅಧ್ಯಯನ. ಕಣ್ಣಿನಿಂದ ಕಾರ್ಟೆಕ್ಸ್‌ವರೆಗಿನ ದಾರಿಯನ್ನು ಅವರು ವಿವರಿಸುವ ಪುಟಗಳು ಉತ್ತಮವಾಗಿವೆ. ಅಲ್ಲಿಂದ ಆತ್ಮವಿಲ್ಲ ಎಂಬಲ್ಲಿಗೆ ಹಾರುವ ಜಿಗಿತಕ್ಕೆ ಮಾತ್ರ ಯಾವ ಪ್ರಯೋಗದ ಆಧಾರವೂ ಇಲ್ಲ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು ಬೇರೊಂದು ಅಂಶ. ಕ್ರಿಕ್ ತಮ್ಮ ಎದುರಾಳಿಯನ್ನು ಕಂಡುಕೊಂಡದ್ದು ಕಥೋಲಿಕ ಪ್ರಶ್ನೋತ್ತರವೊಂದರಲ್ಲಿ: ಆತ್ಮವೆಂದರೆ ಬುದ್ಧಿಯೂ ಸ್ವಇಚ್ಛೆಯೂ ಉಳ್ಳ, ದೇಹವಿಲ್ಲದ ಜೀವಿ ಎಂಬ ಅರ್ಥದ ಉತ್ತರವನ್ನು ಅವರು ಗ್ರಂಥದ ಆರಂಭದಲ್ಲೇ ಇರಿಸಿದ್ದಾರೆ. ಅವರು ಮುರಿಯಲು ಹೊರಟ ಗೊಂಬೆಯನ್ನು ಮಾಡಿಕೊಟ್ಟದ್ದು ನಮ್ಮವರೇ.

ವಿ. ಎಸ್. ರಾಮಚಂದ್ರನ್ ಅವರ 'ಫ್ಯಾಂಟಮ್ಸ್ ಇನ್ ದಿ ಬ್ರೈನ್' (1998) ಹೆಚ್ಚು ಸೌಜನ್ಯದ ಪುಸ್ತಕ. ಕಳೆದುಕೊಂಡ ಕೈಯಲ್ಲಿ ಉಳಿದ ನೋವನ್ನು ಬರಿಯ ಕನ್ನಡಿಯ ಸಹಾಯದಿಂದ ಶಮನಗೊಳಿಸಿದ ಅಧ್ಯಾಯವನ್ನು ಪ್ರತಿಯೊಬ್ಬ ಆಸ್ಪತ್ರೆಯ ಗುರುವೂ ಓದಬೇಕು. ದೇವರನ್ನೂ ಮೂರ್ಛೆರೋಗವನ್ನೂ ಕುರಿತ ಅಧ್ಯಾಯ ಬೆರಳೆಣಿಕೆಯ ರೋಗಿಗಳ ಮೇಲೆ ನಿಂತಿದೆ. ಲೇಖಕರೇ ದೇವರ ಅಸ್ತಿತ್ವದ ಪ್ರಶ್ನೆಯನ್ನು ತೆರೆದಿಟ್ಟಿದ್ದಾರೆ. ಅದನ್ನು 'ಮೆದುಳಿನ ದೇವರ ಕೋಣೆ' ಎಂದು ಹಿಗ್ಗಿಸಿದವರು ಪತ್ರಿಕೆಯವರು. ಅಚ್ಚರಿಯೆಂದರೆ, ನಮ್ಮ ಧ್ಯಾನಕೂಟಗಳಲ್ಲಿ ಅದೇ ಕೋಣೆಯನ್ನು ದೇವರೇ ಇಟ್ಟದ್ದೆಂದು ಸಂತೋಷದಿಂದ ಉಲ್ಲೇಖಿಸುವವರಿದ್ದಾರೆ. 2006ರಲ್ಲಿ ಮಾಂಟ್ರಿಯಲ್‌ನಲ್ಲಿ 15 ಮಂದಿ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರ ಮೆದುಳನ್ನು ಮಾರಿಯೊ ಬೊರೆಗಾರ್ ಮತ್ತು ಸಹೋದ್ಯೋಗಿ ಚಿತ್ರಿಸಿದಾಗ ಒಂದು ಕೋಣೆಗೆ ಬದಲಾಗಿ ಹಲವು ಭಾಗಗಳು ಸಕ್ರಿಯವಾಗಿದ್ದವು. ದೇವರನ್ನು ಬೇಕೆಂದಾಗ ಕರೆಸಲಾಗದೆಂದು ಆ ಸೋದರಿಯರು ಹೇಳಿದ್ದರಿಂದ, ಹಿಂದಿನ ಅನುಭವವೊಂದನ್ನು ನೆನೆಯುವಂತೆ ಅವರನ್ನು ಕೇಳಬೇಕಾಯಿತು. ಆ ಅಧ್ಯಯನದ ಅತ್ಯುತ್ತಮ ದೇವಶಾಸ್ತ್ರ ಸೋದರಿಯರ ಆ ಒಂದು ಮಾತಿನಲ್ಲಿದೆ.

ಎರಡನೆಯ ಬಗೆಯ ಪುಸ್ತಕಗಳಲ್ಲಿ ನಮ್ಮವರು ಬಹಳ ಆದರಿಸುವುದು ಸರ್ ಜಾನ್ ಎಕ್ಲ್ಸ್ ಅವರನ್ನು. 1963ರ ನೊಬೆಲ್ ಪಾರಿತೋಷಕವನ್ನು ಹಾಜ್‌ಕಿನ್, ಹಕ್ಸ್‌ಲಿ ಅವರೊಡನೆ ಹಂಚಿಕೊಂಡವರು, ದೇವರನ್ನು ನಂಬಿದವರು, ಕಾರ್ಲ್ ಪಾಪರ್ ಜೊತೆ 1977ರಲ್ಲಿ 'ದಿ ಸೆಲ್ಫ್ ಅಂಡ್ ಇಟ್ಸ್ ಬ್ರೈನ್' ಬರೆದವರು. ನರಸಂಧಿಗಳ ಕುರಿತ ಅವರ ಸಂಶೋಧನೆ ಇಂದಿಗೂ ಪಠ್ಯಪುಸ್ತಕದಲ್ಲಿದೆ. ಮನಸ್ಸು ಬೇರೆಯೇ ಒಂದು ವಸ್ತು, ಅದು ಮೆದುಳೆಂಬ ಯಂತ್ರವನ್ನು ನಡೆಸುತ್ತದೆ ಎಂಬ ಅವರ ವಾದವನ್ನು ಪಠ್ಯಪುಸ್ತಕ ಸ್ವೀಕರಿಸಲಿಲ್ಲ. ಈ ಎರಡನೆಯದನ್ನು ನಮ್ಮ ಪ್ರಬೋಧಕರು ಎತ್ತಿಕೊಳ್ಳುತ್ತಾರೆ. ಅದು ದೆಕಾರ್ತನ ಬೋಧೆ, ಧರ್ಮಸಭೆಯ ಬೋಧೆಯಲ್ಲ. 1312ರ ವಿಯೆನ್ ಮಹಾಸಭೆಯು ಬುದ್ಧಿಯುಕ್ತ ಆತ್ಮವು ತಾನಾಗಿಯೇ, ಸಾರತಃ ಮಾನವ ದೇಹದ ರೂಪತತ್ವವೆಂದು ನಿರ್ಣಯಿಸಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಗಾವ್ದಿಯುಂ ಎತ್ ಸ್ಪೆಸ್' 14ನೆಯ ಕಂಡಿಕೆ ದೇಹ-ಆತ್ಮಗಳಲ್ಲಿ ಮನುಷ್ಯ ಒಬ್ಬನೇ ಎಂದು ಮೊದಲುಗೊಳ್ಳುತ್ತದೆ. ಉಟ್ಟ ಬಟ್ಟೆಗೂ ಉಟ್ಟವನಿಗೂ ಅಂಥ ಐಕ್ಯವಿಲ್ಲ.

ಸಂತ ತೋಮಾಸ್ ಅಕ್ವಿನಾಸರು ಇನ್ನೂ ಮುಂದೆ ಹೋಗುತ್ತಾರೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ ತಮ್ಮ ಆತ್ಮವೇ ತಾವಲ್ಲ ಎಂಬ ಅರ್ಥದ ಮಾತನ್ನು ಅವರು ನಿಸ್ಸಂಕೋಚವಾಗಿ ಬರೆದಿದ್ದಾರೆ. 'ಸುಮ್ಮಾ'ದ ಮೊದಲ ಭಾಗ, 84ನೆಯ ಪ್ರಶ್ನೆ, ಏಳನೆಯ ಲೇಖದಲ್ಲಿ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯೇ ಇದೆ ಎನ್ನಬಹುದು. ಬುದ್ಧಿಗೆ ಸ್ವಂತ ಅಂಗವಿಲ್ಲ ಎಂದು ಅವರು ವಾದಿಸುವುದು ನಿಜ. ಆದರೆ ಈ ಬದುಕಿನಲ್ಲಿ ಕಲ್ಪನೆ, ಸ್ಮರಣೆಗಳ ಬಿಂಬಗಳತ್ತ ತಿರುಗದೆ ಬುದ್ಧಿ ಏನನ್ನೂ ಅರಿಯಲಾರದು; ಆದಕಾರಣ ಅವುಗಳ ಅಂಗಕ್ಕೆ ಪೆಟ್ಟುಬಿದ್ದವನು ಮೊದಲು ಬಲ್ಲವನಾಗಿದ್ದ ವಿಷಯವನ್ನೂ ಅರಿಯಲಾಗದೆ ಹೋಗುತ್ತಾನೆ ಎಂದು ವೈದ್ಯರ ಅನುಭವವನ್ನೇ ಅವರು ಸಾಕ್ಷಿಗೆ ಕರೆಯುತ್ತಾರೆ. ಹಾಗಾದರೆ ಮರೆತವರು ಯಾರು? ಅಜ್ಜಿಯೇ. ಇಡೀ ಅಜ್ಜಿ. ಮಕ್ಕಳ ಹೆಸರು ಮರೆತದ್ದೂ ಜಪಸರ ಕೈಗಿತ್ತಾಗ 'ನಮೋ ಮರಿಯ' ತಪ್ಪದೆ ಹೇಳಿದ್ದೂ ಅದೇ ಅಜ್ಜಿ. ಅಮೆರಿಕದ ಹೆನ್ರಿ ಮೊಲೈಸನ್ ಎಂಬವರು 1953ರ ಶಸ್ತ್ರಚಿಕಿತ್ಸೆಯ ನಂತರ ಹೊಸದೇನನ್ನೂ ನೆನಪಿಡಲಾಗದಿದ್ದರೂ, ಕನ್ನಡಿಯಲ್ಲಿ ನೋಡಿ ಗೆರೆ ಎಳೆಯುವ ಕೌಶಲವನ್ನು ದಿನೇದಿನೇ ಕಲಿತರು. ಕಲಿತದ್ದೇ ಅವರಿಗೆ ನೆನಪಿರಲಿಲ್ಲ. ರೂಢಿಯ ನೆನಪಿಗೆ ಮೆದುಳಿನಲ್ಲಿ ಬೇರೆ ದಾರಿಯಿದೆಯೆಂದು ಪಠ್ಯಪುಸ್ತಕ ಹೇಳುವುದು ಇದರಿಂದಲೇ. ಸದ್ಗುಣವೆಂದರೆ ನೆಲೆನಿಂತ ರೂಢಿ ಎಂದು ಕಲಿಸುವ ನಾವು ಆ ಅಧ್ಯಾಯವನ್ನು ಓದದಿದ್ದರೆ ನಷ್ಟ ನಮ್ಮದೇ.

ಈ ದಾರಿಯಲ್ಲಿ ನಡೆದ ಪೂರ್ವಿಕರೂ ಇದ್ದಾರೆ. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್ 1665ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಮೆದುಳಿನ ರಚನೆ ಕುರಿತು ಉಪನ್ಯಾಸ ನೀಡಿದರು. ಪೀನಿಯಲ್ ಗ್ರಂಥಿಯ ವಿಷಯದಲ್ಲಿ ದೆಕಾರ್ತನ ವರ್ಣನೆ ಛೇದಿಸಿ ನೋಡಿದ ಮೆದುಳಿಗೆ ಹೊಂದುವುದಿಲ್ಲವೆಂದು ತೋರಿಸಿದರು. ಮೆದುಳಿನ ವಿಷಯದಲ್ಲಿ ತಿಳಿದದ್ದು ಅತ್ಯಲ್ಪವೆಂದು ತಮ್ಮಿಂದಲೇ ಆರಂಭಿಸಿ ಒಪ್ಪಿಕೊಂಡರು. ಎರಡು ವರ್ಷದ ನಂತರ ಕಥೋಲಿಕರಾದರು, 1675ರಲ್ಲಿ ಯಾಜಕರಾದರು, 1677ರಲ್ಲಿ ಧರ್ಮಾಧ್ಯಕ್ಷರಾದರು. ಜಗದ್ಗುರು ಎರಡನೆಯ ಜಾನ್ ಪಾಲ್ 1988ರಲ್ಲಿ ಅವರನ್ನು ಪುಣ್ಯವಂತರ ಸಾಲಿಗೆ ಸೇರಿಸಿದರು.

ನಮ್ಮ ಸಲಹೆ ದೊಡ್ಡದೇನೂ ಅಲ್ಲ. ತತ್ತ್ವಶಾಸ್ತ್ರದ ಎರಡನೆಯ ವರ್ಷದಲ್ಲಿ ಮಾನವಶಾಸ್ತ್ರದ ಪಾಠದ ಜೊತೆಗೆ ಕ್ಯಾಂಡೆಲ್ ಗ್ರಂಥದ ನಾಲ್ಕೈದು ಅಧ್ಯಾಯಗಳನ್ನಾದರೂ ನರಶಾಸ್ತ್ರ ಬಲ್ಲವರಿಂದ ಓದಿಸಬೇಕು: ನರಕೋಶ, ನರಸಂಧಿ, ಸ್ಮರಣೆ, ಮೂರ್ಛೆ. ನಿಮ್ಹಾನ್ಸ್‌ನ ಮೆದುಳಿನ ಸಂಗ್ರಹಾಲಯಕ್ಕೆ ಒಂದು ದಿನ ಹೋಗಿಬರಬೇಕು. ಮಾನವನ ಮೆದುಳನ್ನು ಅಂಗೈಯಲ್ಲಿ ಹಿಡಿದು ನೋಡಲು ಅಲ್ಲಿ ಅವಕಾಶವಿದೆ. ಆ ತೂಕವನ್ನು ಅನುಭವಿಸಿದವನು ಬಟ್ಟೆಯ ಉಪಮೆಯನ್ನು ಹಗುರವಾಗಿ ಆಡಲಾರ. ವಿಶ್ವವಿದ್ಯಾನಿಲಯದಲ್ಲಿ ನರವಿಜ್ಞಾನ ಓದಬೇಕೆನ್ನುವ ಗುರುಅಭ್ಯರ್ಥಿ ಯಾರಾದರೂ ಇದ್ದರೆ ಧರ್ಮಪ್ರಾಂತ್ಯವು ಅವನನ್ನು ಕಳುಹಿಸಬೇಕು. ಕ್ರಿಕ್ ಮತ್ತು ಎಕ್ಲ್ಸ್ ಇಬ್ಬರೂ ಗ್ರಂಥಾಲಯದಲ್ಲಿ ಇರಲಿ, ಪಕ್ಕಪಕ್ಕದಲ್ಲೇ ಇರಲಿ. ಇಬ್ಬರೂ ಒಂದೇ ಗೊಂಬೆಯನ್ನು ಕುರಿತು ಮಾತನಾಡುತ್ತಿದ್ದಾರೆಂದು ವಿದ್ಯಾರ್ಥಿಗೆ ಆಗ ಕಂಡೀತು.

ಇಷ್ಟಾದರೂ ಒಂದು ಕಷ್ಟ ಹಾಗೆಯೇ ಉಳಿಯುತ್ತದೆ; ಅದನ್ನು ಮರೆಮಾಚುವುದು ಸರಿಯಲ್ಲ. ದೇಹದ ಅಂಗವಿಲ್ಲದೆ ಸ್ಮರಣೆಯಿಲ್ಲ ಎಂದಮೇಲೆ, ಮರಣಕ್ಕೂ ಪುನರುತ್ಥಾನಕ್ಕೂ ನಡುವಿನ ಅವಧಿಯಲ್ಲಿ ಆತ್ಮ ಏನನ್ನು ಬಲ್ಲದು? ಮೃತರಿಗಾಗಿ ಬಲಿಪೂಜೆ ಅರ್ಪಿಸುವ ನಮಗೆ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ತೋಮಾಸರು 89ನೆಯ ಪ್ರಶ್ನೆಯಲ್ಲಿ ಇದನ್ನು ಎದುರಿಸಿ, ಆ ಸ್ಥಿತಿ ಆತ್ಮದ ಸ್ವಭಾವಕ್ಕೆ ಹೊರಗಾದುದೆಂದೂ ಆಗ ಅರಿವು ದೇವರ ಬೆಳಕಿನಿಂದ ಬೇರೆ ರೀತಿಯಲ್ಲಿ ದೊರೆಯುತ್ತದೆಂದೂ ಹೇಳುತ್ತಾರೆ. ಆ ಉತ್ತರಕ್ಕೆ ನರವಿಜ್ಞಾನದ ಬೆಂಬಲವೂ ಇಲ್ಲ, ವಿರೋಧವೂ ಇಲ್ಲ; ಅದು ದೇಹದ ಪುನರುತ್ಥಾನದ ಭರವಸೆಯ ಮೇಲೆ ಮಾತ್ರ ನಿಂತಿದೆ. ತೆರಕಣಾಂಬಿಯ ಆ ವಿದ್ಯಾರ್ಥಿನಿಗೆ ನಾವು ಹೇಳಿದ್ದೂ ಇಷ್ಟೇ. 89ನೆಯ ಪ್ರಶ್ನೆಯ ಕನ್ನಡ ಅನುವಾದವಿದ್ದರೆ ಕಳುಹಿಸಿರೆಂದು ಅವಳು ಕೇಳಿದ್ದಾಳೆ.